ಕ್ಷಯವಲ್ಲ ಎಂದ ಮೇಲೆ

ಆಕೆ ನನ್ನ ಬಳಿಗೆ ಬಂದದ್ದು ಕ್ಷಯರೋಗಿಯಾಗಿ. ಗಂಡ, ಅತ್ತೆ ಇಬ್ಬರೂ ಜೊತೆಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಆಕೆ ಮಾತ್ರ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬಹುದು. ಕೆಮ್ಮಿದಾಗ ರಕ್ತ ಬೀಳುತ್ತಿತ್ತು. ಬೇರೆಲ್ಲೋ ಕ್ಷಯವೆಂದು ಹೇಳಿಸಿಕೊಂಡು, ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಏನೂ ಗುಣ ಕಾಣದೆ ಬಂದಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಮೈಸೂರಿನ ಕಡೆಯವಳು. ದಾವಣಗೆರೆಯ ಸಣ್ಣದೊಂದು ಹೆಂಗಸರ ಆಸ್ಪತ್ರೆಗೆ ಡಾಕ್ಟರಾಗಿ ಬಂದು, ಪಿ.ಜೆ. ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೆ. ಆಕೆಯ ಗಂಡ ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದ ಕೆಲಸಗಾರ. ಮೂಲ ಕೊಕ್ಕನೂರಿನ ಒಕ್ಕಲು ಮನೆತನ. ಅಪ್ಪ ತೀರಿಕೊಂಡ ಮೇಲೆ ತಾಯಿಯನ್ನು ಕರೆದುಕೊಂಡು ದಾವಣಗೆರೆಗೆ ಬಂದು ಗಿರಣಿ ಹತ್ತಿರದ ವಠಾರದಲ್ಲಿ ಎರಡು ಕೋಣೆ ಹಿಡಿದಿದ್ದ. ಇಬ್ಬರು ಹೆಣ್ಣುಮಕ್ಕಳು.

ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿ ಬಡಿಯುವಲ್ಲಿ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದೆ. ಪಕ್ಕದ ಮನೆಯಲ್ಲಿ ಬೀಸುಕಲ್ಲು ತಿರುಗಿದ ಹಾಗೆ ಒಂದು ಗುಡುಗುಡು ಶಬ್ದ. ಕೆನ್ನೆಯ ಮೇಲೆ ನೀಲಿ ಬೆರೆತ ಕೆಂಪು. ಕಾಲನ್ನು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು.

"ಚಿಕ್ಕವಳಿದ್ದಾಗ ಕೀಲುನೋವು ಬಂದಿತ್ತಾ?" ಎಂದು ಕೇಳಿದೆ.

"ಬಂದಿತ್ರಿ. ಹರಿಹರದಾಗ, ನಮ್ಮಪ್ಪನ ಮನ್ಯಾಗಿದ್ದಾಗ. ಇವತ್ತು ಮೊಣಕಾಲು, ನಾಳಿಗೆ ಕೈ. ಒಂದು ಮಳಿಗಾಲ ಹಾಸಿಗಿ ಮ್ಯಾಲೆ ಇದ್ದೆ."

ಅನುಮಾನ ಉಳಿಯಲಿಲ್ಲ. ಆ ಕೀಲುಜ್ವರ ಕೀಲುಗಳನ್ನು ಬಿಟ್ಟು ಹೋಗುವಾಗ ಹೃದಯದ ಕವಾಟವನ್ನು ಸುಟ್ಟು ಹೋಗಿತ್ತು. ಎರಡು ಬೆರಳು ತೂರುವಷ್ಟು ಅಗಲ ಇರಬೇಕಾದ ಕಂಡಿ ಅಂಗಿಯ ಕಾಜದಷ್ಟು ಕಿರಿದಾಗಿತ್ತು. ರಕ್ತ ಮುಂದಕ್ಕೆ ಹೋಗಲಾರದೆ ಶ್ವಾಸಕೋಶದಲ್ಲಿ ನಿಲ್ಲುತ್ತಿತ್ತು. ಕೆಮ್ಮಿನಲ್ಲಿ ಬೀಳುತ್ತಿದ್ದದ್ದು ಅದೇ.

"ಇದು ಕ್ಷಯ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೃದಯದ ಕಾಯಿಲೆ," ಎಂದೆ.

ಗಂಡನ ಮುಖ ಅರಳಿತು. ಅತ್ತೆ ಎರಡೂ ಕೈ ಮುಗಿದು, "ಹಂಗಾದ್ರ ಬದುಕಿದ್ವಿ ಬಿಡ್ರಿ. ಇನ್ನ ಒಲಿ ಮುಂದ ಬರಬೋದಲ್ರಿ ಇವ್ಳು?" ಎಂದು ಕೇಳಿದರು.

ಆ ಪ್ರಶ್ನೆಯ ಅರ್ಥ ನನಗೆ ಹೊಳೆದದ್ದು ಕೆಲವು ವಾರಗಳ ಮೇಲೆ. ಕ್ಷಯವೆಂದು ನಂಬಿದ್ದಷ್ಟು ದಿನ ಆಕೆಗೆ ಬೇರೆ ತಟ್ಟೆ, ಬೇರೆ ಚಾಪೆ, ಬೇರೆ ಮೂಲೆ. ಅವಮಾನವೇನೋ ಹೌದು, ಆದರೆ ಆ ಮೂಲೆಯಲ್ಲಿ ಆಕೆಗೆ ವಿಶ್ರಾಂತಿ ಇತ್ತು. ಅಂಟುರೋಗವಲ್ಲ ಎಂದ ಮರುದಿನವೇ ಕೊಡ, ಬೀಸುಕಲ್ಲು, ರೊಟ್ಟಿಹಂಚು ಎಲ್ಲ ಆಕೆಯ ಪಾಲಿಗೆ ವಾಪಸು ಬಂದಿದ್ದವು.

ಡಿಜಿಟಾಲಿಸ್ ಮಾತ್ರೆ ಶುರು ಮಾಡಿದ್ದೆ. ಅದು ಹೃದಯದ ಓಟವನ್ನು ತಗ್ಗಿಸುವ ಔಷಧ, ಹೆಚ್ಚಾದರೆ ವಿಷ. ದಿನವೂ ಮಾತ್ರೆ ನುಂಗುವ ಮೊದಲು ನಾಡಿ ನೋಡಬೇಕು, ನಿಮಿಷಕ್ಕೆ ಅರವತ್ತಕ್ಕಿಂತ ಕೆಳಗಿದ್ದರೆ ಆ ದಿನ ಬಿಡಬೇಕು. ಮೈಯ ನೀರು ಇಳಿಸಲು ಪಾದರಸ ಬೆರೆತ ಒಂದು ಇಂಜೆಕ್ಷನ್ ಇತ್ತು. ಅದನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ತೆಗೆದುಕೊಳ್ಳಬೇಕು. ಅಡುಗೆಗೆ ಉಪ್ಪು ಹಾಕಕೂಡದು. ಇದರ ಜೊತೆಗೆ ಆಕೆಗೊಬ್ಬಳಿಗೇ, ಗುಟ್ಟಾಗಿ, "ಇನ್ನು ಬಸುರಿ ಆಗಬಾರದು, ಜೀವಕ್ಕೆ ಅಪಾಯ" ಎಂದೂ ಹೇಳಿದ್ದೆ. ಆಗೆಲ್ಲ ಅಂಥ ಮಾತನ್ನು ಹೆಂಗಸರ ಕಿವಿಯಲ್ಲೇ ಹೇಳಿ ಮುಗಿಸುವುದು ವಾಡಿಕೆ.

ಬಾವು ಇಳಿಯಲಿಲ್ಲ. ಇಂಜೆಕ್ಷನ್ನಿಗೆ ಒಂದು ವಾರ ಬಂದರೆ ಎರಡು ವಾರ ತಪ್ಪಿಸುತ್ತಿದ್ದಳು. ಕೇಳಿದರೆ ನೆಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕಾಂಪೌಂಡರನ ಹತ್ತಿರ ವಿಳಾಸ ಕೇಳಿಕೊಂಡು ವಠಾರಕ್ಕೆ ನಾನೇ ಹೋದೆ.

ನಲ್ಲಿ ಇದ್ದದ್ದು ಬೀದಿಯ ತುದಿಯಲ್ಲಿ. ಅಲ್ಲಿಂದ ಆಕೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ನಡುದಾರಿಯಲ್ಲಿ ಒಂದು ಕಟ್ಟೆಗೆ ಕೊಡ ಆನಿಸಿ ನಿಂತು, ಬಾಯಿ ತೆರೆದು ಉಸಿರು ಎಳೆದುಕೊಂಡಳು. ನನ್ನನ್ನು ಕಂಡು ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ನಕ್ಕಳು.

ಅತ್ತೆ ಚಾಪೆ ಹಾಸಿ, "ಬರ್ರಿ, ಕೂಡ್ರಿ" ಎಂದರು. ಇಂಜೆಕ್ಷನ್ ಯಾಕೆ ತಪ್ಪಿಸುತ್ತಾಳೆಂದು ಕೇಳಿದಾಗ ಅವರೇ ದನಿ ತಗ್ಗಿಸಿ ಹೇಳಿದರು: "ಅದು ಚುಚ್ಚಿದ ದಿನ ಗಳಿಗಿಗೊಂದು ಸಲ ಹೋಗಬೇಕಾಗ್ತೈತ್ರಿ. ಹಗಲೊತ್ತು ಎಲ್ಲಿಗೆ ಹೋಗಾದು? ಬಯಲಿಗೆ ಹೋಗಬೇಕಂದ್ರ ನಾವು ಹೆಣ್ಮಕ್ಳು ಹೊತ್ತು ಮುಳುಗಾಗಂಟ ಕಾಯಬೇಕು." ಮೈಯ ನೀರೆಲ್ಲ ಇಳಿಸುವ ಔಷಧವನ್ನು ಕೊಟ್ಟವಳು ನಾನು. ಆ ನೀರನ್ನು ಎಲ್ಲಿ ಬಿಡಬೇಕೆಂದು ಯೋಚಿಸಿರಲಿಲ್ಲ.

ಉಪ್ಪಿನ ವಿಚಾರ ಕೇಳಿದೆ. "ಚಿಟಿಕಿ ಸೈತ ಹಾಕಲ್ರಿ. ಪಾಪ, ಸಪ್ಪನ್ನ ಊಟ ಗಂಟಲಾಗ ಇಳಿಯಲ್ಲ ಇವ್ಳಿಗೆ. ಅದಕ್ಕ ಬರೇ ಮಂಡಕ್ಕಿ ತಿಂತಾಳ," ಎಂದು ಡಬ್ಬಿ ತೋರಿಸಿದರು. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಭಟ್ಟಿಯಲ್ಲಿ ಹುರಿಯುವ ಮೊದಲು ಅಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸುತ್ತಾರೆ.

"ಇದರಲ್ಲೇ ಉಪ್ಪಿದೆಯಲ್ಲಮ್ಮ!"

"ಅದು ಭಟ್ಟಿಯೋರು ಹಾಕಿದ್ದು ಬಿಡ್ರಿ. ನಾವ್ ಹಾಕಿಲ್ಲ," ಎಂದರು ಅತ್ತೆ, ನಿಜವಾದ ಮುಗ್ಧತೆಯಿಂದ.

ಮಂಡಕ್ಕಿ ನಿಲ್ಲಿಸಿದೆ. ಬಚ್ಚಲಿನ ಹಿಂದೆ ಗೋಣಿತಟ್ಟು ಕಟ್ಟಿ ಮರೆ ಮಾಡಿಕೊಡಲು ಹೇಳಿದೆ. ಅತ್ತೆ ಅದನ್ನು ಅದೇ ಸಂಜೆ ಮಾಡಿಸಿದರಂತೆ. ಎರಡು ವಾರದಲ್ಲಿ ಕಾಲಿನ ಬಾವು ಇಳಿದು ಕಣಕಾಲಿನ ಮೂಳೆ ಕಾಣಿಸಿತು. ಆಗ ಗಂಡನನ್ನು ಕರೆಸಿ, ಮದರಾಸಿನ ಕಡೆ ಈಗ ಎದೆ ತೆರೆದು ಆ ಕವಾಟವನ್ನು ಬೆರಳಿನಿಂದ ಬಿಡಿಸುವ ಶಸ್ತ್ರಚಿಕಿತ್ಸೆ ಇದೆ, ಬರೆದು ಕೇಳೋಣವೇ ಎಂದೆ. ಎದೆ ಕೊಯ್ಯುವ ಮಾತು ಕೇಳಿ ಅವನು ಬೆವೆತ. "ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದು ಹೋದ. ಹೇಳಲು ಬರಲೇ ಇಲ್ಲ.

ಆಮೇಲೆ ಆಕೆಯೂ ಬರಲಿಲ್ಲ. ಎರಡು ತಿಂಗಳ ಮೇಲೆ ಅತ್ತೆ ಸಂತೆಯಲ್ಲಿ ಸಿಕ್ಕಿ, "ತವರಿಗೆ ಕಳಿಸೀವ್ರಿ. ಇಲ್ಲಿದ್ರ ಕೆಲಸ ತಪ್ಪಲ್ಲ, ಅಲ್ಲಿ ಸುಖವಾಗಿರ್ಲಿ ಅಂತ," ಎಂದರು. ತವರೆಂದರೆ ಈಗ ಅಣ್ಣನ ಮನೆ. ತಾಯಿ ತಂದೆ ಇಲ್ಲ. ಮಾತ್ರೆ ಯಾರು ಕೊಡುತ್ತಿದ್ದಾರೆ ಎಂದೆ. "ಮಾತ್ರಿ ಮುಗಿದಾವ ಅನ್ಸತೈತ್ರಿ" ಎಂದರು.

ಆ ಭಾನುವಾರ ಹರಿಹರಕ್ಕೆ ಬಸ್ಸು ಹತ್ತಿದೆ. ಅಣ್ಣನ ಮನೆ ಹೊಳೆಯ ಕಡೆಯ ಓಣಿಯಲ್ಲಿ. ಆಕೆ ಮನೆಯಲ್ಲಿರಲಿಲ್ಲ, ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ದಂಡೆಗೆ ಇಳಿದಾಗ ಕಲ್ಲಿನ ಮೇಲೆ ಒದ್ದೆ ಬಟ್ಟೆಯ ರಾಶಿ ಬಿಟ್ಟು, ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದಳು. ತುಟಿ ನೇರಳೆಯಾಗಿತ್ತು. ಕೈ ಹಿಡಿದು ಎಬ್ಬಿಸುವಾಗ ಹೊಟ್ಟೆ ಕಂಡಿತು. ಐದು ತಿಂಗಳು ತುಂಬಿತ್ತು.

ನಾನು ಏನೂ ಕೇಳುವ ಮೊದಲೇ, "ಬೈಬ್ಯಾಡ್ರಿ" ಎಂದಳು.

ಬೈಯುವ ಕಾಲ ಮೀರಿತ್ತು. ಮೊದಲ ತಿಂಗಳುಗಳಲ್ಲಿ ತಿಳಿದಿದ್ದರೆ ತಾಯಿಯ ಜೀವ ಉಳಿಸುವ ಸಲುವಾಗಿ ಗರ್ಭ ತೆಗೆಯುವ ಮಾತು ಎತ್ತಬಹುದಿತ್ತು. ಈಗ ತೆಗೆಯುವುದೂ ಹೆರುವಷ್ಟೇ ಅಪಾಯ. ಆಕೆಯನ್ನು ಅದೇ ಸಂಜೆ ದಾವಣಗೆರೆಗೆ ಕರೆತಂದು ಆಸ್ಪತ್ರೆಯಲ್ಲಿ ಮಲಗಿಸಿದೆ. ನಮ್ಮಲ್ಲಿದ್ದದ್ದು ಕೆಲವೇ ಹಾಸಿಗೆಗಳು, ಹೆರಿಗೆಗೆಂದೇ ಇದ್ದವು. ನಾಲ್ಕು ತಿಂಗಳು ಒಬ್ಬಳನ್ನು ಇಟ್ಟುಕೊಳ್ಳುವುದು ಆಗದ ಮಾತು. ಹಿರಿಯ ಡಾಕ್ಟರು, "ಮನೆಗೆ ಕಳಿಸಿದರೆ ಸಾಯುತ್ತಾಳೆ, ಇಟ್ಟುಕೊಳ್ಳಲು ಜಾಗ ಇಲ್ಲ. ನೀವೇ ಯೋಚನೆ ಮಾಡಿ," ಎಂದರು.

ಮೂರು ದಿನ ಯೋಚಿಸಿದೆ. ಅಲ್ಲಿಯವರೆಗೆ ನಾನು ಮಾತ್ರೆಯ ಮಾತನ್ನು ಗಂಡನಿಗೆ, ಉಪ್ಪಿನ ಮಾತನ್ನು ಅತ್ತೆಗೆ, ಬಸುರಿನ ಮಾತನ್ನು ಆಕೆಗೆ, ಹೀಗೆ ಹಂಚಿ ಹೇಳುತ್ತ ಬಂದಿದ್ದೆ. ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಕಾಯಿಲೆ ಒಬ್ಬಳ ಎದೆಯಲ್ಲಿದ್ದರೂ ಅದನ್ನು ಹೊರಬೇಕಾದದ್ದು ಆ ಎರಡು ಕೋಣೆಯ ಮನೆ. ಆಕೆಯನ್ನು ಜಟಕಾದಲ್ಲಿ ಕೂರಿಸಿಕೊಂಡು ವಠಾರಕ್ಕೆ ಹೋದೆ. ಗಂಡ, ಅತ್ತೆ, ಮಕ್ಕಳಿಬ್ಬರು, ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಆಕೆಯ ಎದುರಿಗೇ ಎಲ್ಲವನ್ನೂ ಹೇಳಿದೆ. ರೋಗಿಯ ಮುಂದೆ ಸಾವಿನ ಮಾತು ಆಡಬಾರದೆಂದು ನಮಗೆ ಕಲಿಸಿದ್ದರು. ಆಡಿದೆ.

"ಗಂಡು ಹುಟ್ಟಿದ್ರ ಎಲ್ಲಾ ನೆಟ್ಟಗಾಗ್ತೈತ್ರಿ," ಎಂದರು ಅತ್ತೆ.

"ಹುಟ್ಟಿದ ಗಳಿಗೆಯಲ್ಲೇ ನಿಮ್ಮ ಸೊಸೆ ಸಾಯಬಹುದು. ಹೆರಿಗೆಯಾದ ಕೂಡಲೇ ಹೊಟ್ಟೆಯ ರಕ್ತ ಎಲ್ಲ ಹೃದಯಕ್ಕೆ ನುಗ್ಗುತ್ತದೆ. ಈಕೆಯ ಹೃದಯದಲ್ಲಿ ಅದಕ್ಕೆ ದಾರಿ ಇಲ್ಲ. ಅದಕ್ಕೇ ಬಸುರಿ ಆಗಬೇಡ ಅಂತ ಮೊದಲೇ ಹೇಳಿದ್ದೆ."

ಗಂಡ ಹೆಂಡತಿಯ ಕಡೆ ತಿರುಗಿದ. "ನಿನಗ ಹೇಳಿದ್ರಾ?"

"ಹೇಳಿದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

ಆಕೆ ಕಿರಿಯ ಮಗಳ ಜಡೆಯನ್ನು ಬಿಚ್ಚುತ್ತ, ಮತ್ತೆ ಹೆಣೆಯುತ್ತ ಇದ್ದಳು. "ಹೇಳಿದ್ರ ಇನ್ನೊಬ್ಬಾಕಿನ ತರ್ತೀರಿ ಅಂತ ಹೇಳ್ಲಿಲ್ಲ," ಎಂದಳು.

"ನಾ ಯಾವಾಗ ಹಂಗಂದೀನಿ?"

"ನೀವ್ ಅಂದಿಲ್ಲ."

ಅತ್ತೆ ತಲೆ ಎತ್ತಲಿಲ್ಲ. ಹೊರಗೆ ಗಿರಣಿಯ ಸೈರನ್ ಕೂಗಿತು. ಗಂಡ ಪಾಳಿಗೆ ಹೊರಡಬೇಕಾದ ಹೊತ್ತು. ಅವನು ಏಳಲಿಲ್ಲ. ಕೊನೆಗೆ ಅತ್ತೆಯೇ, "ಏನೇನ್ ಮಾಡ್ಬೇಕು ಹೇಳ್ರಿ," ಎಂದರು.

ಆ ಮನೆ ಅಂದಿನಿಂದ ಆಸ್ಪತ್ರೆಯಾಯಿತು. ನೀರು ತರುವುದು ಗಂಡನ ಪಾಲಿಗೆ ಬಂತು. ಗಂಡಸು ಕೊಡ ಹೊತ್ತರೆ ನಲ್ಲಿಯ ಹತ್ತಿರ ಹೆಂಗಸರು ಸುಮ್ಮನಿರುತ್ತಾರೆಯೇ? "ಏನ್ ಗೌಡ್ರ, ಸೀರಿ ಒಂದು ಉಡೋದು ಬಾಕಿ" ಎಂದು ನಕ್ಕರಂತೆ. ಅವನು ಮರುದಿನವೂ ಹೊತ್ತ. ಗಿರಣಿಯ ಗೆಳೆಯನೊಬ್ಬನ ಹತ್ತಿರ ಕೈಗಡಿಯಾರ ಕಡ ತಂದು ದಿನಾ ಬೆಳಿಗ್ಗೆ ನಾಡಿ ಎಣಿಸಿ ಮಾತ್ರೆ ಕೊಡುತ್ತಿದ್ದ. ಅತ್ತೆ ಸಪ್ಪೆ ಸಾರಿಗೆ ಹುಣಸೆ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಅದಕ್ಕೊಂದು ರುಚಿ ತರಿಸಿದರು. ಆಮೇಲೆ ಎರಡೆರಡು ಪಾತ್ರೆ ಯಾಕೆಂದು ಮನೆಗೆಲ್ಲ ಅದನ್ನೇ ಮಾಡತೊಡಗಿದರು. ಊಟದ ಹೊತ್ತಿಗೆ ಒಮ್ಮೆ ಹೋದಾಗ ಐದೂ ತಟ್ಟೆಯಲ್ಲಿ ಅದೇ ಸಪ್ಪೆ ಊಟ. ಮಕ್ಕಳು ಮುಖ ಹಿಂಡುತ್ತಿದ್ದವು. "ನಿಮ್ಮವ್ವ ತಿನ್ನಾದಿಲ್ಲೇನು? ಉಣ್ರಿ ಸುಮ್ನ," ಎಂದು ಗದರಿದರು ಅಜ್ಜಿ.

ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಹಿರಿಯ ಮಗಳು ಆಸ್ಪತ್ರೆಗೆ ಓಡಿ ಬಂದಳು. ನಾನು ಹೋಗಿ ನೋಡಿದಾಗ ಆಕೆಯ ಬಾಯಲ್ಲಿ ಗುಲಾಬಿ ಬಣ್ಣದ ನೊರೆ, ಎದೆಯಲ್ಲಿ ಕುದಿಯುವ ಶಬ್ದ. ಮಲಗಿಸಿದರೆ ಎದೆಯಲ್ಲಿ ತುಂಬಿದ ನೀರಿನಲ್ಲೇ ಮುಳುಗಿಬಿಡುತ್ತಾಳೆ. ಅತ್ತೆ ಅದನ್ನು ತಾವೇ ಅರಿತು ಸೊಸೆಯ ಬೆನ್ನಿಗೆ ಬೆನ್ನು ಕೊಟ್ಟು, ಕಾಲು ಗೋಡೆಗೆ ಒದ್ದು ಕೂತಿದ್ದರು. ಮಾರ್ಫಿಯಾ ಚುಚ್ಚಿದೆ. ತೊಡೆಗೂ ತೋಳಿಗೂ ರಬ್ಬರ್ ನಳಿಕೆ ಕಟ್ಟಿ, ರಕ್ತ ಕೈಕಾಲಿನಲ್ಲೇ ನಿಲ್ಲುವ ಹಾಗೆ ಮಾಡಿ, ಒಂದೊಂದನ್ನೇ ಸಡಿಲಿಸುತ್ತ ಸುತ್ತು ಬದಲಾಯಿಸಿದೆ. ಉಸಿರು ಸಲೀಸು ಮಾಡುವ ಅಮೈನೋಫಿಲಿನ್ ಔಷಧವನ್ನು ನರಕ್ಕೆ ನಿಧಾನವಾಗಿ ಏರಿಸಿದೆ. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಅಷ್ಟು ಹೊತ್ತೂ ಅತ್ತೆ ಬೆನ್ನು ತೆಗೆದಿರಲಿಲ್ಲ. ಏಳಲು ಹೋದರೆ ಕಾಲು ಸ್ವಾಧೀನವಿಲ್ಲದೆ ಅಲ್ಲೇ ಕುಸಿದರು.

ಅಲ್ಲಿಂದ ಮುಂದೆ ಹಿರಿಯ ಡಾಕ್ಟರನ್ನು ಕಾಡಿ ಒಂದು ಹಾಸಿಗೆ ಪಡೆದೆ. ಹೆರಿಗೆ ದಿನ ತುಂಬುವ ಮೊದಲೇ ಬಂತು. ಒರಗಿಸಿ ಕೂರಿಸಿದ ಭಂಗಿಯಲ್ಲೇ, ಆಕೆ ತಿಣುಕುವ ಶ್ರಮ ಪಡದ ಹಾಗೆ ಇಕ್ಕುಳ ಹಾಕಿ ಮಗುವನ್ನು ತೆಗೆದೆ. ರಕ್ತ ನಿಲ್ಲಿಸಲು ಎಲ್ಲರಿಗೂ ಕೊಡುತ್ತಿದ್ದ ಇಂಜೆಕ್ಷನ್ ಈಕೆಗೆ ಕೊಡುವಂತಿರಲಿಲ್ಲ. ಅದು ಗರ್ಭಕೋಶವನ್ನು ಒಮ್ಮೆಗೇ ಹಿಂಡಿ ರಕ್ತವನ್ನೆಲ್ಲ ಹೃದಯಕ್ಕೆ ದೂಡುತ್ತದೆ. ಹೊಟ್ಟೆಯ ಮೇಲೆ ಮರಳಿನ ಚೀಲ ಇಟ್ಟು, ಆಮ್ಲಜನಕ ಹಿಡಿದು, ನಾಡಿಯ ಮೇಲಿನ ಬೆರಳು ತೆಗೆಯದೆ ಪಕ್ಕದಲ್ಲಿ ನಿಂತೆ. ಉಳಿದುಕೊಂಡಳು.

ಗಂಡು ಮಗು. ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳ ನಡುವೆ ಇಟ್ಟು, ಹನಿ ಹನಿಯಾಗಿ ಹಾಲು ಕುಡಿಸಿದೆವು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತು.

ಆ ಸಂಜೆ ಅತ್ತೆ ವರಾಂಡದ ಕಂಬಕ್ಕೆ ಒರಗಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬೈಗುಳ ಬರಬಹುದೆಂದುಕೊಂಡಿದ್ದೆ.

"ಡಾಕ್ಟ್ರಮ್ಮಾರೆ, ಗಂಡಸ್ರಿಗೆ ಏನೋ ಆಪರೇಷನ್ ಐತಂತಲ್ರಿ? ಮಕ್ಳಾಗದಂಗ?"

"ಇದೆ."

"ನಮ್ಮ ಹುಡುಗಗ ಮಾಡಿಸಿಬಿಡ್ರಿ. ನನಗ ಮೊಮ್ಮಗ ಬ್ಯಾಡ. ಇವ್ಳಿದ್ರ ಸಾಕು." ಕಂಬ ಬಿಟ್ಟು ನನ್ನ ಕಡೆ ತಿರುಗಿ, "ಇನ್ನೊಬ್ಬಾಕಿನ ತರ್ತೀನಿ ಅಂತ ಅಂದಾಕಿ ನಾನ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಗಂಡ ಒಪ್ಪಿದ. ಶಸ್ತ್ರಚಿಕಿತ್ಸೆ ಆದ ಮೇಲೆ ಗಿರಣಿಯಲ್ಲಿ ಅವನನ್ನು ಆಡಿಕೊಂಡವರಿಗೆ ಲೆಕ್ಕವಿಲ್ಲ. ಮದರಾಸಿಗೆ ಹೋಗಲೂ ಈಗ ಎಲ್ಲರೂ ಒಪ್ಪಿದ್ದರು. ಬರೆದೆ. ಸರದಿ ಬಂದಾಗ ತಿಳಿಸುತ್ತೇವೆ ಎಂದರು. ಕಾಯುತ್ತ ಕೂತೆವು.

ಆ ಮಳೆಗಾಲದಲ್ಲಿ ಕಿರಿಯ ಮಗಳಿಗೆ ಗಂಟಲುನೋವು ಬಂತು. ಗಂಟಲು ವಾಸಿಯಾಗಿ ಕೆಲ ದಿನಕ್ಕೆ ಮೊಣಕಾಲು ಊದಿತು, ಅದು ಇಳಿಯುತ್ತಿದ್ದಂತೆ ಕಣಕಾಲು. ಆಕೆಯೇ ಮಗಳನ್ನು ಜಟಕಾದಲ್ಲಿ ಕರೆತಂದಳು. ನಾನು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಸಣ್ಣಗೆ, ಊದಿದ ಹಾಗೆ ಒಂದು ಶಬ್ದ ಇತ್ತು.

"ನಂದ ಬಂತೇನ್ರಿ ಇದಕ್ಕೂ?"

"ಶುರುವಾಗಿದೆ. ಆದರೆ ನಿನಗೆ ಆಗ ಇಲ್ಲದ ಔಷಧ ಈಗ ಇದೆ," ಎಂದೆ. ತಿಂಗಳಿಗೊಮ್ಮೆ ಚುಚ್ಚಿದರೆ ಸಾಕಾಗುವ ಪೆನಿಸಿಲಿನ್ ಆಗಷ್ಟೇ ಕೈಗೆ ಸಿಗುತ್ತಿತ್ತು. ಗಂಟಲಿನ ಸೋಂಕು ಮತ್ತೆ ಬಾರದಂತೆ ತಡೆದರೆ ಕವಾಟ ಇನ್ನಷ್ಟು ಸುಡುವುದಿಲ್ಲ. ಒಂದು ತಿಂಗಳೂ ತಪ್ಪಬಾರದು, ಇವಳು ದೊಡ್ಡವಳಾಗುವ ತನಕ. ಅತ್ತೆಯನ್ನೂ ಗಂಡನನ್ನೂ ಕರೆಸಿ, ಮಗುವಿನ ಜೊತೆ ಒಟ್ಟಿಗೆ ಕೂರಿಸಿಯೇ ಹೇಳಿದೆ. ಆಕೆ ಅಳಲಿಲ್ಲ. ಮಗಳ ಲಂಗ ಸರಿಮಾಡಿ, ಬಹಳ ಹೊತ್ತು ಅದರ ಅಂಚನ್ನೇ ಹಿಡಿದುಕೊಂಡಿದ್ದಳು.

ಚಳಿಗಾಲಕ್ಕೆ ಆಕೆಯ ನಾಡಿ ಲಯ ತಪ್ಪಿತು. ಗಂಡ ಬಂದು, "ಎಣಿಸಾಕ ಬರವಲ್ದ್ರಿ, ಓಡತೈತೆ, ನಿಲ್ಲತೈತೆ" ಎಂದ. ಮಾತ್ರೆ ಹೆಚ್ಚಿಸಿದೆ, ಮದರಾಸಿಗೆ ತಂತಿ ಕೊಟ್ಟೆ. ಲಯ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಯಾವಾಗ ಕಳಚಿ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಾರರು. ಒಂದು ಬೆಳಿಗ್ಗೆ ಮಗಳಿಗೆ ತಲೆ ಬಾಚುತ್ತಿದ್ದಾಗ ಬಾಚಣಿಗೆ ಕೈಜಾರಿತು. ಮತ್ತೆ ಆ ಕೈ ಏಳಲಿಲ್ಲ, ಮಾತೂ ಹೊರಡಲಿಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಅತ್ತೆ ಚಮಚದಲ್ಲಿ ನೀರು ಬಿಡುತ್ತ, ಬಾಯಿ ಒರೆಸುತ್ತ, "ನೋಡು, ನಾ ಅದೀನಿ, ನೋಡು" ಎನ್ನುತ್ತಲೇ ಇದ್ದರು. ಮದರಾಸಿನ ಉತ್ತರ ಬರುವ ಮೊದಲು ಎಲ್ಲ ಮುಗಿಯಿತು.

ಮಣ್ಣು ಮಾಡಿದ ಮೇಲೆ ನಾನು ಅವರ ಮನೆಗೆ ಹೋಗಲಿಲ್ಲ. ದಿವಸದ ಕಾರ್ಯ ಮುಗಿದ ಮೇಲೆ ಹೋದರಾಯಿತೆಂದುಕೊಂಡೆ.

ಐದನೆಯ ದಿನ ಬೆಳಿಗ್ಗೆ ರೋಗಿಗಳ ಸಾಲಿನಲ್ಲಿ ಅತ್ತೆ ಕೂತಿದ್ದರು, ಮಗ್ಗುಲಲ್ಲಿ ಕಿರಿಯ ಮೊಮ್ಮಗಳು. ಸೂತಕದಲ್ಲಿ ಹೊರಗೆ ಬಂದದ್ದಕ್ಕೆ ಸಾಲಿನ ಹೆಂಗಸರು ಕಣ್ಣು ಬಿಟ್ಟು ನೋಡುತ್ತಿದ್ದರು. ನಾನು ಎದ್ದು ಹೋದೆ.

"ಇವತ್ತು ಇದಕ್ಕ ಸೂಜಿ ಐತಲ್ರಿ," ಎಂದರು.

"ಕಾರ್ಯ ಮುಗಿಸಿಕೊಂಡು ಬಂದಿದ್ದರೂ ಆಗುತ್ತಿತ್ತಮ್ಮ."

"ಸತ್ತಾಕಿ ಕಾರ್ಯ ಒಂದಿನ ಹಿಂದ ಮುಂದ ಆದ್ರ ನಡೀತೈತೆ. ಇದು ನಡಿಯಂಗಿಲ್ಲ ಅಂತ ನೀವ ಹೇಳಿದ್ರಲ್ಲ."

ಆ ಪೆನಿಸಿಲಿನ್ ಸುಣ್ಣದ ನೀರಿನಂತೆ ಮಂದ. ದಪ್ಪ ಸೂಜಿ ಬೇಕು, ತಡೆದು ತಡೆದು ಒತ್ತಬೇಕು, ಬಹಳ ನೋಯುತ್ತದೆ. ಮಗು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿತು. ಚುಚ್ಚಿ, ಹತ್ತಿ ಒತ್ತಿ ಹಿಡಿದೆ.

"ಎಲ್ಲೀಗಂಟ ಅಂದಿದ್ರಿ ಇದನ್ನ?"

"ಇವಳಿಗೆ ಇಪ್ಪತ್ತು ವರ್ಷ ದಾಟುವ ತನಕ."

ಮೊಮ್ಮಗಳಿಗೆ ಆಗ ಎಂಟು. ಅಜ್ಜಿ ಮಗುವಿನ ತಲೆಯ ಮೇಲೆ ಕೈಯಿಟ್ಟರು.

"ಹಂಗಾದ್ರ ಅಲ್ಲೀಗಂಟ ನಾ ಇರಬೇಕಾತು," ಎಂದು, ಕುಪ್ಪಸದ ತೋಳು ಮೇಲೇರಿಸಿ ಕೈಯನ್ನು ನನ್ನ ಮೇಜಿನ ಮೇಲೆ ಚಾಚಿದರು. "ನಂದೂ ಒಂದೀಟು ನೋಡ್ರಿ."